ಭಾರ ಎತ್ತದೆಯೂ ಬರುವ ಸುಸ್ತು

ಪ್ರಶ್ನೆ: ನಮ್ಮತ್ತೆ ಲಕ್ವ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಅವರ ಆರೈಕೆ, ಮನೆಗೆಲಸ, ಶಾಲೆಯಲ್ಲಿ ಪಾಠ ಎಲ್ಲ ನನ್ನದೇ. ರಾತ್ರಿ ಹತ್ತಕ್ಕೆ ಮಲಗಿ ಆರಕ್ಕೆ ಏಳುತ್ತೇನೆ. ಆದರೂ ಏಳುವಾಗಲೇ ಮೈಯಲ್ಲಿ ಶಕ್ತಿ ಇರುವುದಿಲ್ಲ. ಯಾವುದರಲ್ಲೂ ಮನಸ್ಸಿಲ್ಲ, ಹಬ್ಬ ಬಂದರೂ ಸಂತೋಷವಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಸರಿಯಾಗಿವೆ. ಡಾಕ್ಟರು ‘ಸ್ಟ್ರೆಸ್ ಅಷ್ಟೇ’ ಎಂದರು. ಚಿಂತೆ ಮನಸ್ಸಿಗೆ ಸಂಬಂಧಿಸಿದ್ದಲ್ಲವೇ? ಅದರಿಂದ ಕೈಕಾಲು ಹೇಗೆ ಸೋಲುತ್ತವೆ? ಅಡ್ರಿನಲ್ ಗ್ರಂಥಿ ದಣಿದರೆ ಹೀಗಾಗುತ್ತದೆ ಎಂದು ಮೊಬೈಲಿನಲ್ಲಿ ನೋಡಿದೆ. ಅದು ನಿಜವೇ?
– ಓದುಗರೊಬ್ಬರು, ಹಾಸನ

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಈ ಅನುಮಾನ ಬಹಳ ಜನರಿಗಿದೆ. ಕೇಳಿದರೆ ‘ಕೆಲಸ ತಪ್ಪಿಸಿಕೊಳ್ಳಲು ನೆಪ’ ಅಂದಾರು ಎಂಬ ಅಂಜಿಕೆಯಿಂದ ಹೆಚ್ಚಿನವರು ಕೇಳುವುದಿಲ್ಲ, ಅಷ್ಟೆ.

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಮನಸ್ಸಿನ ಚಿಂತೆಯಿಂದ ಮೈ ದಣಿಯಬಲ್ಲುದೇ ಎಂಬುದು ಒಂದು, ಅಡ್ರಿನಲ್ ಗ್ರಂಥಿ ಸೋತುಹೋಗಿದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಏಕೆ ಎನ್ನುವುದನ್ನು ನಿಧಾನವಾಗಿ ನೋಡೋಣ.

ನೀವು ರಸ್ತೆ ದಾಟುತ್ತಿದ್ದೀರಿ, ತಿರುವಿನಿಂದ ಬೈಕೊಂದು ನುಗ್ಗಿ ಬರುತ್ತದೆ ಎಂದುಕೊಳ್ಳಿ. ಯೋಚಿಸುವ ಮೊದಲೇ ಕಾಲು ಹಿಂದೆ ಸರಿದಿರುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತಿರುತ್ತದೆ. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳ ಒಳಭಾಗದಿಂದ ಅಡ್ರಿನಲಿನ್ ರಕ್ತಕ್ಕೆ ಸೇರಿದ್ದರ ಫಲ ಆ ಎದೆಬಡಿತ. ಎಲ್ಲ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಇದರ ಬೆನ್ನಿಗೇ ಇನ್ನೊಂದು ವ್ಯವಸ್ಥೆ ಎಚ್ಚರಗೊಳ್ಳುತ್ತದೆ, ಅದರದು ನಿಧಾನದ ಸ್ವಭಾವ. ಮಿದುಳಿನ ತಳಭಾಗದ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಪಿಟ್ಯುಟರಿ ಅದನ್ನು ಅಡ್ರಿನಲ್ಲಿನ ಹೊರಪದರಕ್ಕೆ ಮುಟ್ಟಿಸುತ್ತದೆ. ಆಗ ಅಲ್ಲಿಂದ ಕಾರ್ಟಿಸಾಲ್ ಎಂಬ ಹಾರ್ಮೋನು ಹೊರಡುತ್ತದೆ. ರಕ್ತದಲ್ಲಿ ಅದರ ಮಟ್ಟ ಗರಿಷ್ಠಕ್ಕೇರಲು ಸುಮಾರು 20ರಿಂದ 30 ನಿಮಿಷ ಬೇಕು. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಹೆಚ್ಚಿಸುವುದು, ಸದ್ಯಕ್ಕೆ ತುರ್ತಿಲ್ಲದ ಕೆಲಸಗಳನ್ನು ಮುಂದೂಡುವುದು ಇವೆಲ್ಲ ಅದರ ಜವಾಬ್ದಾರಿ. ಅಪಾಯ ಕಳೆದ ಮೇಲೆ ‘ಇನ್ನು ಸಾಕು’ ಎಂದು ಮಿದುಳಿಗೆ ತಿಳಿಸುವುದೂ ಇದೇ ಕಾರ್ಟಿಸಾಲ್. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿಯೇ ಇವೆರಡರಲ್ಲಿ ಮೊದಲನೆಯದಾದ, ಅಡ್ರಿನಲಿನ್ ನಡೆಸುವ ‘ಹೋರಾಡು ಇಲ್ಲವೇ ಓಡು’ ಸಿದ್ಧತೆಯನ್ನು ವಿವರಿಸಿದ್ದರು.

ಬೈಕು ಹೋಯಿತು, ಎದೆಬಡಿತ ಇಳಿಯಿತು, ಅಲ್ಲಿಗೆ ಮುಗಿಯಿತು. ಇಂಥ ಒತ್ತಡದಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ನಿಮ್ಮ ಮನೆಯಲ್ಲಾದರೋ ಬೈಕು ಹೋಗುವುದೇ ಇಲ್ಲ. ಅತ್ತೆಯವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಪಾಠ ಮಾಡುತ್ತಿರುವಾಗಲೂ ಮನೆಯಿಂದ ಫೋನು ಬಂದೀತೆಂಬ ಆತಂಕ ಇದ್ದೇ ಇರುತ್ತದೆ. ಅಪಾಯ ಎದುರಿಗೆ ಬಂದಿದೆಯೋ, ಬರಬಹುದೆಂದು ಕಾಯುತ್ತಿದ್ದೇವೆಯೋ, ದೇಹದ ಮಟ್ಟಿಗೆ ಎರಡಕ್ಕೂ ಸಿದ್ಧತೆ ಬಹುಮಟ್ಟಿಗೆ ಒಂದೇ. ಭಾರ ಎತ್ತದಿದ್ದರೂ ಭಾರ ಎತ್ತುವ ತಯಾರಿ ದಿನವಿಡೀ ನಡೆದೇ ಇರುತ್ತದೆ. ಈ ಸವೆತವನ್ನು ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್ಯೂಯನ್ 1990ರ ದಶಕದಲ್ಲಿ ‘ಅಲೋಸ್ಟ್ಯಾಟಿಕ್ ಹೊರೆ’ ಎಂದು ಕರೆದರು. ನಮ್ಮನ್ನು ಕಾಪಾಡಲೆಂದು ಇರುವ ವ್ಯವಸ್ಥೆಗೆ ಬಿಡುವೇ ಸಿಗದಿದ್ದರೆ ಅದೇ ನಮ್ಮನ್ನು ಸವೆಸುತ್ತದೆ ಎಂಬುದು ಅವರ ಮಾತಿನ ಸಾರ.

ಈ ಸವೆತ ಸುಸ್ತಾಗಿ ಬದಲಾಗುವ ಹಾದಿ ಒಂದೇ ಅಲ್ಲ. ಎಲ್ಲರಿಗೂ ಹೊಳೆಯುವುದು ನಿದ್ರೆ, ಅದರಿಂದಲೇ ಆರಂಭಿಸೋಣ. ಹತ್ತರಿಂದ ಆರು ಎಂದರೆ ಎಂಟು ಗಂಟೆ, ಲೆಕ್ಕ ಸರಿಯಾಗಿದೆ. ಆದರೆ ಹಾಸಿಗೆಯಲ್ಲಿ ಕಳೆದ ಸಮಯ ಬೇರೆ, ಗಾಢನಿದ್ರೆ ಬೇರೆ. ರೋಗಿಯ ಕೋಣೆಯಲ್ಲೋ ಪಕ್ಕದ ಕೋಣೆಯಲ್ಲೋ ಮಲಗುವವರ ಕಿವಿ ಪೂರ್ತಿ ಮಲಗುವುದಿಲ್ಲ. ಒಂದು ಕೆಮ್ಮು, ಒಂದು ನರಳಿಕೆ ಸಾಕು, ನಿದ್ರೆ ಆಳದಿಂದ ಮೇಲಕ್ಕೆ ಬಂದುಬಿಡುತ್ತದೆ. ಹಾಗೆ ಎಚ್ಚರವಾದದ್ದು ಎಷ್ಟೋ ಸಲ ಬೆಳಗ್ಗೆ ನೆನಪಿರುವುದೂ ಇಲ್ಲ. ಇದರ ಜೊತೆಗೆ ಕಾರ್ಟಿಸಾಲಿನದೇ ಒಂದು ದಿನಚರಿ ಇದೆ. ಆರೋಗ್ಯವಂತರಲ್ಲಿ ಅದು ನಡುರಾತ್ರಿಯ ಹೊತ್ತಿಗೆ ಅತಿ ಕಡಿಮೆಯಾಗುತ್ತದೆ, ಬೆಳಗಿನ ಜಾವದಿಂದ ಏರತೊಡಗಿ ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಅತಿ ಹೆಚ್ಚಾಗುತ್ತದೆ. ಬೆಳಗಿನ ಚುರುಕಿಗೆ ಈ ಏರಿಕೆಯೂ ಒಂದು ಕಾರಣ. ವರ್ಷಗಟ್ಟಲೆ ಒತ್ತಡದಲ್ಲಿರುವ ಹಲವರಲ್ಲಿ ಈ ಏರಿಳಿತ ಚಪ್ಪಟೆಯಾಗಿರುವುದು ಕಂಡುಬಂದಿದೆ. ಬೆಳಗ್ಗೆ ಏರಬೇಕಾದಷ್ಟು ಏರುವುದಿಲ್ಲ, ರಾತ್ರಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಏಳುವಾಗಲೇ ಮೈಯಲ್ಲಿ ಶಕ್ತಿಯಿಲ್ಲ ಎಂದಿರಲ್ಲ, ಅದಕ್ಕೆ ಇದೂ ಪಾಲುದಾರನಾಗಿರಬಹುದು.

ಇನ್ನೊಂದು ಹಾದಿ ಅಷ್ಟು ಪ್ರಸಿದ್ಧವಲ್ಲ. ನನಗೆ ಮಾತ್ರ ಅದೇ ಹೆಚ್ಚು ಕುತೂಹಲದ್ದು. ಫ್ಲೂ ಜ್ವರ ಬಂದಾಗ ಹೇಗಿರುತ್ತದೆ, ನೆನಪಿಸಿಕೊಳ್ಳಿ. ಮೈಕೈ ಭಾರ, ಊಟ ಬೇಡ, ಯಾರೊಡನೆಯೂ ಮಾತು ಬೇಡ, ಗೋಡೆಯ ಕಡೆ ಮುಖಮಾಡಿ ಮಲಗಿರೋಣ ಎನಿಸುತ್ತದೆ. ಇಷ್ಟೆಲ್ಲ ಮಾಡಿಸುವುದು ವೈರಸ್ಸೊಂದೇ ಅಲ್ಲ. ಅದರ ವಿರುದ್ಧ ಹೋರಾಡಲು ನಮ್ಮದೇ ರೋಗನಿರೋಧಕ ಜೀವಕೋಶಗಳು ಬಿಡುವ ಸೈಟೊಕೈನ್ ಎಂಬ ಪ್ರೋಟೀನುಗಳು ಮಿದುಳಿಗೆ ‘ಸುಮ್ಮನೆ ಮಲಗು’ ಎಂಬ ಸೂಚನೆ ಕೊಡುತ್ತವೆ. ಇರುವ ಶಕ್ತಿಯೆಲ್ಲ ಹೋರಾಟಕ್ಕೆ ಉಳಿಯಲಿ ಎಂಬುದು ಅದರ ಉದ್ದೇಶ.

ಈ ಪ್ರೋಟೀನುಗಳಿಗೆ ಮನಸ್ಸನ್ನು ಮಂಕಾಗಿಸುವ ಬಲ ಇದೆ ಎನ್ನುವುದಕ್ಕೆ ಆಸ್ಪತ್ರೆಗಳಲ್ಲಿಯೇ ಪುರಾವೆ ಸಿಕ್ಕಿತು. ಹಿಂದೆ ಹೆಪಟೈಟಿಸ್ ಸಿ ಮತ್ತು ಕೆಲವು ಕ್ಯಾನ್ಸರ್ ರೋಗಿಗಳಿಗೆ ಇಂಟರ್ಫೆರಾನ್ ಆಲ್ಫಾ ಎಂಬ ಚುಚ್ಚುಮದ್ದು ಕೊಡುತ್ತಿದ್ದರು. ಅದೂ ಸೈಟೊಕೈನುಗಳ ಗುಂಪಿಗೇ ಸೇರಿದ್ದು. ಚಿಕಿತ್ಸೆ ಶುರುವಾದ ಮೊದಲ ವಾರಗಳಲ್ಲಿಯೇ ಹೆಚ್ಚಿನವರಿಗೆ ವಿಪರೀತ ಆಯಾಸ ಕಾಣಿಸಿಕೊಳ್ಳುತ್ತಿತ್ತು. ಇನ್ನೂ ಕೆಲವು ವಾರ ಕಳೆದ ಮೇಲೆ ಅವರಲ್ಲಿ ಅನೇಕರು ಖಿನ್ನತೆಗೆ ಜಾರುತ್ತಿದ್ದರು. ಮುಂಚಿತವಾಗಿಯೇ ಖಿನ್ನತೆಯ ಮಾತ್ರೆ ಕೊಟ್ಟಾಗ ಮನಸ್ಸಿನ ಕುಗ್ಗುವಿಕೆ ಸಾಕಷ್ಟು ತಪ್ಪಿತು, ಆಯಾಸ ಮಾತ್ರ ಅಷ್ಟಾಗಿ ಬಗ್ಗಲಿಲ್ಲ. ದಣಿವೂ ಬೇಸರವೂ ಒಟ್ಟಿಗೇ ಬರಬಹುದು, ಆದರೆ ಅವು ಒಂದೇ ವಸ್ತುವಲ್ಲ ಎಂದು ಇದರಿಂದ ತಿಳಿಯುತ್ತದೆ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ‘ಮನಸ್ಸು ಸುಧಾರಿಸಿತು, ಸುಸ್ತು ಹೋಗಲಿಲ್ಲ’ ಎಂದರೆ ಮನೆಯವರು ಅನುಮಾನಪಡಬೇಕಿಲ್ಲ.

ಇದಕ್ಕೂ ಒತ್ತಡಕ್ಕೂ ಏನು ನಂಟು ಎಂದು ಕೇಳುತ್ತೀರಿ. ಈ ಸೈಟೊಕೈನುಗಳು ಹುಟ್ಟಿಸುವ ಉರಿಯೂತವನ್ನು ಹತೋಟಿಯಲ್ಲಿಡುವುದು ಕಾರ್ಟಿಸಾಲಿನ ಮುಖ್ಯ ಕೆಲಸಗಳಲ್ಲೊಂದು. ದಿನದ ಉದ್ದಕ್ಕೂ ‘ಸುಮ್ಮನಿರಿ, ಸುಮ್ಮನಿರಿ’ ಎನ್ನುವ ಮೇಷ್ಟರ ಮಾತಿಗೆ ಮಕ್ಕಳು ಕಿವಿಗೊಡದಂತಾಗುವುದು ನಿಮಗೆ ಗೊತ್ತೇ ಇದೆ. ರೋಗನಿರೋಧಕ ಜೀವಕೋಶಗಳೂ ಹಾಗೆಯೇ, ಕಾರ್ಟಿಸಾಲಿನ ಮಾತನ್ನು ಕ್ರಮೇಣ ಕೇಳದಂತಾಗುತ್ತವೆ. ಅಮೆರಿಕದ ಷೆಲ್ಡನ್ ಕೊಹೆನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲದ ಒತ್ತಡದಲ್ಲಿದ್ದವರ ಜೀವಕೋಶಗಳು ಹೀಗೆ ಮಂದವಾಗಿದ್ದವು. ಹಾಗೆ ಮಂದವಾಗಿದ್ದವರಿಗೆ ನೆಗಡಿಯ ವೈರಸ್ಸು ತಗುಲಿಸಿದಾಗ ನೆಗಡಿ ಹೆಚ್ಚಾಗಿ ಬಂದಿತು. ಮೇಲ್ನೋಟಕ್ಕೆ ಜ್ವರವಿಲ್ಲ, ರೋಗವಿಲ್ಲ, ಆದರೂ ಒಳಗೆ ಸಣ್ಣ ಮಟ್ಟದ ಉರಿಯೂತ ಉಳಿದುಕೊಂಡಿರುತ್ತದೆ. ಅದರ ಜೊತೆಗೆ ಆ ‘ಮಲಗು’ ಸೂಚನೆಯೂ ಸಣ್ಣ ದನಿಯಲ್ಲಿ ಮುಂದುವರಿಯುತ್ತದೆ.

ನಿಮ್ಮಂಥವರನ್ನೇ ಕುರಿತ ಇನ್ನೊಂದು ಅಧ್ಯಯನ 1995ರಲ್ಲಿ ಬಂದಿತ್ತು. ಅಮೆರಿಕದ ಒಹಾಯೊದಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಅವರ ತಂಡ, ಮರೆವಿನ ಕಾಯಿಲೆಯ ಬಂಧುವನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರನ್ನೂ ಅದೇ ವಯಸ್ಸಿನ, ಅಂಥ ಹೊಣೆಯಿಲ್ಲದ 13 ಮಂದಿಯನ್ನೂ ಆರಿಸಿಕೊಂಡಿತು. ಎಲ್ಲರ ತೋಳಿನಲ್ಲೂ ಒಂದೇ ಅಳತೆಯ ಪುಟ್ಟ ಗಾಯ ಮಾಡಿ ಮಾಯುವುದನ್ನು ಗಮನಿಸಿತು. ಆರೈಕೆಯ ಹೊಣೆ ಹೊತ್ತವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಗುಂಪು ಚಿಕ್ಕದು, ನಿಜ. ಆದರೂ ತೋಳಿನ ಮೇಲಿನ ಗಾಯ ನೆಪ ಹೇಳುವುದಿಲ್ಲ. ‘ಎಲ್ಲ ನಿನ್ನ ಮನಸ್ಸಿನಲ್ಲೇ ಇರುವುದು’ ಎಂದು ಯಾರಾದರೂ ಅಂದರೆ ಈ ಸಂಗತಿಯನ್ನು ಅವರಿಗೆ ತಿಳಿಸಿ.

ಇನ್ನು ಸಂತೋಷವೇ ಇಲ್ಲ ಎಂದಿರಿ. ಅದಕ್ಕೆ ಬರುತ್ತೇನೆ. ಇಲ್ಲಿ ಬೆಂಗಳೂರಿನಲ್ಲಿಯೇ ನಡೆದ ಕೆಲಸವೊಂದನ್ನು ಹೇಳಬೇಕು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡಲಾಗದಂತೆ ಇಟ್ಟು, ಆಮೇಲೆ ಅವುಗಳ ಮಿದುಳಿನ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನೆನಪಿಗೆ ಸಂಬಂಧಿಸಿದ, ಒತ್ತಡದ ಪ್ರತಿಕ್ರಿಯೆಗೆ ಕಡಿವಾಣ ಹಾಕುವುದರಲ್ಲೂ ಪಾಲಿರುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದವು. ಭಯ, ಆತಂಕಗಳಿಗೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಕವಲುಗಳು ಬೆಳೆದಿದ್ದವು. ಅಂದರೆ ಕಡಿವಾಣ ಸಡಿಲವಾಯಿತು, ಗಾಬರಿಗೆ ಬಲ ಬಂತು. ಗಾಬರಿ ತುಂಬಿದ ಮನಸ್ಸಿನಲ್ಲಿ ಸಂತೋಷಕ್ಕೆ ಜಾಗ ಕಡಿಮೆ. ಈ ಅಧ್ಯಯನ 2002ರಲ್ಲಿ ಪ್ರಕಟವಾಗಿ ಜಗತ್ತಿನಾದ್ಯಂತ ಗಮನ ಸೆಳೆಯಿತು. ಇಲಿಯ ಮಿದುಳಿಗೆ ಆದದ್ದೆಲ್ಲ ಹಾಗೆಯೇ ನಮಗೂ ಆಗುತ್ತದೆ ಎನ್ನಲಾಗದು. ಆದರೆ ಒತ್ತಡ ಮಿದುಳಿನ ರಚನೆಯನ್ನೇ ಮುಟ್ಟಬಲ್ಲುದು ಎಂಬುದು ಈಗ ಊಹೆಯಾಗಿ ಉಳಿದಿಲ್ಲ.

ಪ್ರಯೋಗಾಲಯಕ್ಕೆ ಹೋಗದೆಯೂ ಕಾಣುವ ಕಾರಣವೂ ಒಂದುಂಟು, ಅದನ್ನು ಹಗುರವಾಗಿ ಎಣಿಸಬಾರದು. ಆರೈಕೆ ಶುರುವಾದ ಮೇಲೆ ನಿಮ್ಮ ಬದುಕಿನಿಂದ ಏನೇನು ಬಿಟ್ಟುಹೋಯಿತು, ಯೋಚಿಸಿ. ಸಂಜೆಯ ವಾಕಿಂಗ್, ತವರಿನ ಮದುವೆ ಮುಂಜಿ, ಗೆಳತಿಯ ಮನೆಯಲ್ಲಿ ಅರ್ಧ ಗಂಟೆಯ ಹರಟೆ. ಮೊದಲು ಇವುಗಳಿಗೆ ಪುರುಸೊತ್ತಿಲ್ಲವೆಂದು ಬಿಡುತ್ತೇವೆ. ಆಮೇಲೆ ಪುರುಸೊತ್ತು ಸಿಕ್ಕರೂ ಬೇಡವೆನಿಸುತ್ತದೆ. ಸಂತೋಷಕ್ಕೆ ಕಾರಣಗಳೇ ಕಡಿಮೆಯಾದಾಗ ಮನಸ್ಸು ಮಂಕಾಗದೆ ಇನ್ನೇನಾದೀತು? ಹಾಗೆ ಮಂಕಾದ ಮನಸ್ಸು ಇನ್ನಷ್ಟನ್ನು ಬಿಡಿಸುತ್ತದೆ. ದೇಹವೂ ಅಷ್ಟೇ, ಓಡಾಟ ಕಡಿಮೆಯಾದಂತೆ ಸ್ನಾಯುಗಳ ಕಸುವು ಇಳಿದು ಸಣ್ಣ ಕೆಲಸವೂ ದೊಡ್ಡದಾಗುತ್ತದೆ.

ಈಗ ಮೊಬೈಲಿನಲ್ಲಿ ನೋಡಿದ ಸಂಗತಿ. ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಸುರಿಸಿ ಸುರಿಸಿ ಬರಿದಾಗುತ್ತದೆ, ಅದನ್ನೇ ‘ಅಡ್ರಿನಲ್ ಫಟೀಗ್’ ಎನ್ನುತ್ತಾರೆ ಎಂದು ಹೇಳುವ ವಿಡಿಯೊಗಳು ಸಾಕಷ್ಟಿವೆ. ನಾನು ಮೇಲೆ ಹೇಳಿದ್ದನ್ನು ಓದಿದವರಿಗೂ ಇದು ನಿಜವಿರಬೇಕು ಅನ್ನಿಸುವುದು ಸಹಜ. ಆದರೆ ಹಾರ್ಮೋನು ತಜ್ಞರು ಇದನ್ನು ರೋಗವೆಂದು ಒಪ್ಪುವುದಿಲ್ಲ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ತಜ್ಞರು ಈ ಬಗೆಗಿನ 58 ಅಧ್ಯಯನಗಳನ್ನು ಜಾಲಾಡಿ, ಅದಕ್ಕೆ ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ತಮಾಷೆಯೆಂದರೆ, ಒತ್ತಡದ ಅಧ್ಯಯನ ಶುರುವಾದಾಗಲೇ ಇದಕ್ಕೆ ವಿರುದ್ಧವಾದದ್ದು ಕಂಡಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳಿಗೆ ಚಳಿ, ಗಾಯ, ಔಷಧ ಹೀಗೆ ಬಗೆಬಗೆಯ ಹಿಂಸೆ ಕೊಟ್ಟಾಗ ಅವುಗಳ ಅಡ್ರಿನಲ್ ಗ್ರಂಥಿಗಳು ಹಿಗ್ಗಿದ್ದವು. ಒತ್ತಡದಲ್ಲಿ ಕೆಡುವುದು ಗ್ರಂಥಿಯಲ್ಲ. ಯಾವಾಗ ಎಷ್ಟು ಬಿಡಬೇಕು ಎಂದು ಮಿದುಳು ಕೊಡುವ ಆಜ್ಞೆಯ ಲಯ ಮತ್ತು ಅದನ್ನು ಕೇಳಿಸಿಕೊಳ್ಳುವ ಜೀವಕೋಶಗಳ ಸ್ಪಂದನ ಕೆಡುತ್ತವೆ.

ಅಡ್ರಿನಲ್ ನಿಜವಾಗಿಯೂ ಸೋಲುವ ಕಾಯಿಲೆ ಬೇರೆ ಇದೆ. ಇಂಗ್ಲೆಂಡಿನ ವೈದ್ಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಅದರಲ್ಲಿ ಸುಸ್ತಿನ ಜೊತೆಗೆ ತೂಕ ಇಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಚರ್ಮ ಕಪ್ಪಾಗುತ್ತದೆ, ಉಪ್ಪು ತಿನ್ನಬೇಕೆನಿಸುತ್ತದೆ. ಅಪರೂಪದ, ಆದರೆ ಗಂಭೀರ ಕಾಯಿಲೆ. ರಕ್ತಪರೀಕ್ಷೆಯಲ್ಲಿ ಅದು ಪತ್ತೆಯಾಗುತ್ತದೆ, ಚಿಕಿತ್ಸೆಯೂ ಇದೆ. ಅದನ್ನು ಬಿಟ್ಟು ‘ಅಡ್ರಿನಲ್ ಸಪೋರ್ಟ್’ ಎಂದು ಮಾರುವ ಗುಳಿಗೆಗಳನ್ನು ದಯವಿಟ್ಟು ತರಿಸಬೇಡಿ. ಅಮೆರಿಕದಲ್ಲಿ ಅಂಥ 12 ಉತ್ಪನ್ನಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನು ಇತ್ತು, ಹೆಚ್ಚಿನವುಗಳಲ್ಲಿ ಸ್ಟಿರಾಯ್ಡ್ ಕೂಡ ಸಿಕ್ಕಿತು. ಡಬ್ಬಿಯ ಮೇಲೆ ಅದರ ಸುಳಿವೇ ಇರಲಿಲ್ಲ. ಥೈರಾಯ್ಡ್ ಸರಿಯಿದ್ದವರು ಅದನ್ನು ನುಂಗಿದರೆ ಕೆಲವು ದಿನ ಚುರುಕೆನಿಸೀತು, ಆಮೇಲೆ ಎದೆಬಡಿತ ಏರೀತು.

ಒತ್ತಡದ ವಿಷಯ ಇಷ್ಟು ಹೇಳಿದ ಮೇಲೆ ಎಲ್ಲವನ್ನೂ ಅದರ ಲೆಕ್ಕಕ್ಕೇ ಬರೆಯಬಾರದು ಎಂಬ ಎಚ್ಚರಿಕೆಯೂ ಬೇಕು. ನೀವು ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿದ್ದು ಸರಿಯಾದ ಕ್ರಮ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಇಂಥ ದೇಶದಲ್ಲಿ ಸುಸ್ತು ಎಂದು ಬಂದ ಹೆಣ್ಣುಮಗಳ ರಕ್ತ ನೋಡದೆ ‘ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ಕಳಿಸುವುದು ಅನ್ಯಾಯ. ನಿಮ್ಮ ಪತ್ರದಲ್ಲಿ ಸಕ್ಕರೆ ಮತ್ತು ಬಿ12 ಪರೀಕ್ಷೆಯ ಮಾತಿಲ್ಲ. ಸಸ್ಯಾಹಾರಿಗಳಾಗಿದ್ದರೆ ಬಿ12 ಮುಖ್ಯ, ಅದರ ಕೊರತೆಯಿಂದಲೂ ಸುಸ್ತು, ಮಂಕು ಎರಡೂ ಬರುತ್ತವೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರೆಂದು ಮನೆಯವರು ಹೇಳಿದರೆ ಅದನ್ನೂ ವೈದ್ಯರಿಗೆ ತಿಳಿಸಿ. ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆಯಿದ್ದರೆ ಎಂಟು ಗಂಟೆ ಮಲಗಿದರೂ ವಿಶ್ರಾಂತಿ ಸಿಗುವುದಿಲ್ಲ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲೊಂದು ಎರಡು ವಾರ ಅಥವಾ ಹೆಚ್ಚು ಕಾಲ ಬಹುತೇಕ ಪ್ರತಿದಿನ ಇದ್ದು, ಅದರೊಡನೆ ಹಸಿವು, ನಿದ್ರೆ, ಏಕಾಗ್ರತೆಗಳೂ ಕೆಟ್ಟಿದ್ದರೆ ವೈದ್ಯರು ಖಿನ್ನತೆಯ ಸಾಧ್ಯತೆಯನ್ನು ಪರಿಶೀಲಿಸುತ್ತಾರೆ. ಕಾರಣ ಎದುರಿಗೇ ಇದೆಯಲ್ಲ, ಆದ್ದರಿಂದ ಅದು ಕಾಯಿಲೆಯಲ್ಲ ಎಂದುಕೊಳ್ಳಬೇಡಿ. ಕಾರಣ ಗೊತ್ತಿರುವ ಖಿನ್ನತೆಗೂ ಚಿಕಿತ್ಸೆ ಇದೆ. ಮಾನಸಿಕ ಆರೋಗ್ಯದ ಸಲಹೆಗೆ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸರ್ಕಾರಿ ಸೇವೆಗೆ ನಿಮ್ಹಾನ್ಸ್ ಮುಂದಾಳು. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲಿಯೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಅಂದೇ ಕರೆಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಹೋಗಿ.

ಪರಿಹಾರದ ಮಾತಿಗೆ ಬಂದರೆ, ‘ಚಿಂತೆ ಬಿಡಿ’ ಎಂಬ ಉಪದೇಶ ನನ್ನ ಬಾಯಿಂದ ಬರುವುದಿಲ್ಲ. ಚಿಂತೆಗೆ ಕಾರಣ ಪಕ್ಕದ ಕೋಣೆಯಲ್ಲಿ ಮಲಗಿರುವಾಗ ಅದು ಪ್ರಯೋಜನಕ್ಕೆ ಬಾರದ ಮಾತು. ಧ್ಯಾನ, ಪ್ರಾಣಾಯಾಮ, ದಿನಕ್ಕೆ ಅರ್ಧ ಗಂಟೆಯ ನಡಿಗೆ ಇವುಗಳಿಂದ ಹಲವರಿಗೆ ಉಪಯೋಗವಾಗಿದೆ, ಮಾಡಲಾದರೆ ಮಾಡಿ. ಆದರೆ ನಿಮ್ಮ ಸ್ಥಿತಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕಿವಿ ನಿಶ್ಚಿಂತೆಯಿಂದ ಮಲಗುವ ರಾತ್ರಿಗಳು. ವಾರದಲ್ಲಿ ಎರಡು ರಾತ್ರಿಯಾದರೂ ಅತ್ತೆಯ ಕೋಣೆಯಲ್ಲಿ ಯಜಮಾನರೋ ಮೈದುನನೋ ನಾದಿನಿಯೋ ಮಲಗಲಿ, ನೀವು ಬಾಗಿಲು ಹಾಕಿಕೊಂಡು ಬೇರೆ ಕೋಣೆಯಲ್ಲಿ ಮಲಗಿ. ಅವರ ಮಕ್ಕಳಿರುವಾಗ ಸೊಸೆಯೊಬ್ಬಳೇ ಏಕೆ ಏಳಬೇಕು ಎಂದು ಕೇಳಲು ಸಂಕೋಚವಾದರೆ ಈ ಪುಟವನ್ನೇ ಮೇಜಿನ ಮೇಲೆ ಬಿಡಿ. ಹಣದ ಅನುಕೂಲವಿದ್ದರೆ ಕೆಲವು ಗಂಟೆಗಳಿಗೆ ಆಯಾ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದೂ ದುಂದಲ್ಲ.

ಇಷ್ಟರಿಂದ ಎಲ್ಲ ಸರಿಹೋಗುತ್ತದೆಯೇ? ಬೆಂಗಳೂರಿನ ಆ ಇಲಿಗಳ ಕತೆಗೆ ಮುಂದಿನ ಭಾಗವೊಂದಿದೆ. ಒತ್ತಡ ನಿಲ್ಲಿಸಿ 21 ದಿನ ಆರಾಮವಾಗಿ ಬಿಟ್ಟಾಗ ಹಿಪೊಕ್ಯಾಂಪಸ್‌ನ ಕುಗ್ಗಿದ ಕವಲುಗಳು ಮತ್ತೆ ಚಾಚಿಕೊಂಡವು. ಅಮಿಗ್ಡಲಾದ ಬೆಳವಣಿಗೆ ಮಾತ್ರ ಹಾಗೆಯೇ ಉಳಿದಿತ್ತು. ಆದ್ದರಿಂದ ಬಿಡುವು ಸಿಕ್ಕ ಮೇಲೆ ತಲೆ ತಿಳಿಯಾಗಿ, ಗಾಬರಿ ಮಾತ್ರ ಇನ್ನೂ ಸ್ವಲ್ಪ ಕಾಲ ಉಳಿದರೆ ‘ನಾನು ಸುಧಾರಿಸುತ್ತಲೇ ಇಲ್ಲ’ ಎಂದು ಹತಾಶರಾಗಬೇಡಿ. ವಾರಗಳ ಲೆಕ್ಕದಲ್ಲಿ ನೋಡಿ, ದಿನಗಳ ಲೆಕ್ಕದಲ್ಲಿ ಬೇಡ.

ಪತ್ರದ ಅಂಚಿನಲ್ಲಿ ಕಾಫಿ ಬಿಡಬೇಕೇ ಎಂದೂ ಕೇಳಿದ್ದೀರಿ. ಹಾಸನದವರಿಗೆ ಕಾಫಿ ಬಿಡಿ ಎನ್ನುವ ಧೈರ್ಯ ನನಗಿಲ್ಲ, ಅದರ ಅಗತ್ಯವೂ ಇಲ್ಲ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಹೋಗಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು. ಬೆಳಗಿನ ಲೋಟ, ಹನ್ನೊಂದರ ಲೋಟ ಹಾಗೆಯೇ ಇರಲಿ. ಶಾಲೆಯಿಂದ ಬಂದ ಮೇಲೆ ಸುಸ್ತು ಕಳೆಯಲೆಂದು ಐದೂವರೆಗೆ ಕುಡಿಯುವ ಲೋಟವನ್ನು ನಿಲ್ಲಿಸಿ, ಅದರ ಬದಲು ಮಜ್ಜಿಗೆಯನ್ನೋ ಕಷಾಯವನ್ನೋ ಕುಡಿಯಿರಿ.